ಪ್ಯಾರಾ ಕೆಲಸ: ಮತ್ತೆ ಅದೇ ಪ್ರಶ್ನೆ

ಆಗಸ್ಟ್ ಹತ್ತಿರ ಬಂತೆಂದರೆ ಅಮೆರಿಕದ ಶಾಲೆಗಳಲ್ಲಿ ಪ್ಯಾರಾಎಜುಕೇಟರ್ (ತರಗತಿಯಲ್ಲಿ ಟೀಚರಿಗೂ ಮಕ್ಕಳಿಗೂ ನೆರವಾಗುವ ಸಹಾಯಕರು, ಚುಟುಕಾಗಿ ಪ್ಯಾರಾ) ಆಗುವುದು ಹೇಗೆ ಎಂಬ ಪತ್ರಗಳ ಸುಗ್ಗಿ. ನಾನು ಕ್ಯಾಲಿಫೋರ್ನಿಯಾದಲ್ಲಿ ವಿಶೇಷ ಶಿಕ್ಷಣದ ಟೀಚರ್. ಪ್ಯಾರಾಗಳಿಲ್ಲದಿದ್ದರೆ ನನ್ನ ಕ್ಲಾಸು ಬೆಳಗ್ಗೆ ಹತ್ತರವರೆಗೂ ನಡೆಯುವುದಿಲ್ಲ. ಆ ಕೆಲಸವನ್ನು ಹಗುರ ಮಾಡಿ ಬರೆದಾಗ ಸಿಟ್ಟು ಬರುವುದು ಅದಕ್ಕೇ.

ಪ್ರಶ್ನೆ: ಎಚ್-4 ಅವಲಂಬಿತ ವೀಸಾದಲ್ಲಿದ್ದೇನೆ, ಕೆಲಸದ ಪರವಾನಗಿ ಇಎಡಿ ಬಂದಿದೆ. ಬಿ.ಇ. ಮುಗಿಸಿ ಏಳು ವರ್ಷ ಮನೆಯಲ್ಲೇ ಇದ್ದೆ. ಮಗನ ಶಾಲೆಯ ಸಮಯಕ್ಕೆ ಹೊಂದುತ್ತದೆ, ಟೆನ್ಶನ್ ಇಲ್ಲ, ಮಗುವಿನ ಪಕ್ಕ ಕೂತರೆ ಸಾಕು ಎನ್ನುತ್ತಾರೆ. ಸೇರಲೇ?

ಸಮಯ ಹೊಂದುತ್ತದೆ, ಅದು ನಿಜ. ಮಗನಿಗೆ ರಜೆ ಇದ್ದಾಗ ನಿಮಗೂ ರಜೆ. ಆದರೆ ಸಂಬಳ ಗಂಟೆ ಲೆಕ್ಕದ್ದು, ಬೇಸಿಗೆಯಲ್ಲಿ ಸಾಮಾನ್ಯವಾಗಿ ಸೊನ್ನೆ. ಆಗ ನಿರುದ್ಯೋಗ ಭತ್ಯೆ ಸಿಗುತ್ತದೆಯೇ ಎಂದರೆ, ಬಹುತೇಕ ರಾಜ್ಯಗಳಲ್ಲಿ ಇಲ್ಲ. ಶಾಲೆ ತೆರೆದಾಗ ಮತ್ತೆ ಕರೆಯುತ್ತೇವೆ ಎಂದು ಡಿಸ್ಟ್ರಿಕ್ಟ್ (ಆ ಊರಿನ ಶಾಲೆಗಳನ್ನು ನಡೆಸುವ ಆಡಳಿತ) ಬರೆದುಕೊಟ್ಟರೆ ಆ ಬಾಗಿಲು ಮುಚ್ಚಿತು. ಜಾಹೀರಾತಿನಲ್ಲಿ ದಿನಕ್ಕೆ 5.75 ಗಂಟೆ ಎಂದಿದ್ದರೆ ವಾರಕ್ಕೆ ಗುಣಿಸಿ ನೋಡಿ: 28.75. ಕಾನೂನಿನ ಪ್ರಕಾರ ದೊಡ್ಡ ಸಂಸ್ಥೆಗಳು ಆರೋಗ್ಯ ವಿಮೆ ಕೊಡಬೇಕಾದದ್ದು ವಾರಕ್ಕೆ 30 ಗಂಟೆ ದುಡಿಯುವವರಿಗೆ. ಆ ಅಂಕಿ ತಾನಾಗಿ ಬಂದದ್ದಲ್ಲ.

ಇನ್ನು ‘ಪಕ್ಕ ಕೂರುವುದು’. ಡಯಾಪರ್ ಬದಲಿಸಬೇಕಾಗಬಹುದು, ಗಾಲಿಕುರ್ಚಿಯಿಂದ ಎತ್ತಿ ಇಳಿಸಬೇಕಾಗಬಹುದು, ಕೈ ಕಚ್ಚಿಸಿಕೊಳ್ಳಬೇಕಾಗಲೂಬಹುದು. ಇದೆಲ್ಲ ಅಭ್ಯಾಸವಾಗುತ್ತದೆ. ನಮ್ಮವರು ಎಡವುವುದು ಬೇರೆ ಕಡೆ.

ನಾನೂ ಪ್ಯಾರಾ ಆಗಿಯೇ ಶುರು ಮಾಡಿದವಳು. ನನಗೆ ವಹಿಸಿದ್ದ ಹುಡುಗನಿಗೆ ಮಧ್ಯಾಹ್ನದ ಹಾಲಿನ ಡಬ್ಬ ಬಿಚ್ಚಲು ಬರುತ್ತಿರಲಿಲ್ಲ. ಪಾಪ ಎಂದು ದಿನಾ ಬಿಚ್ಚಿಕೊಟ್ಟೆ. ಕೈತುತ್ತು ತಿನ್ನಿಸಿ ಬೆಳೆಸುವ ಮನೆಯಿಂದ ಬಂದವಳು, ನನ್ನ ಕೈ ಸುಮ್ಮನಿರುತ್ತದೆಯೇ? ನಾಲ್ಕು ತಿಂಗಳಾದ ಮೇಲೆ ನನಗೆ ಜ್ವರ ಬಂದು ಒಂದು ದಿನ ರಜೆ ಹಾಕಿದೆ. ಅವತ್ತು ಅವನು ಹಾಲೇ ಕುಡಿಯಲಿಲ್ಲ, ಡಬ್ಬ ಮುಂದಿಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಕೂತಿದ್ದನಂತೆ. ಮರುದಿನ ಟೀಚರ್ ಬೈಯಲಿಲ್ಲ. “ಕೈ ಹಿಂದೆ ಕಟ್ಟಿಕೋ, ಹತ್ತು ಎಣಿಸು, ಆಮೇಲೂ ಆಗದಿದ್ದರೆ ಬೆರಳು ತೋರಿಸು, ಮುಟ್ಟಬೇಡ” ಎಂದರು. ಮೂರು ವಾರ ಹಿಡಿಯಿತು. ಅರ್ಧ ಹಾಲು ಮೇಜಿನ ಮೇಲೆ ಚೆಲ್ಲಿತು, ಆದರೆ ಡಬ್ಬ ಬಿಚ್ಚಿದವನು ಅವನೇ. ಆ ಹತ್ತು ಎಣಿಸುವುದಕ್ಕೇ ನಿಮಗೆ ಸಂಬಳ. ಅದು ನಿಮ್ಮಿಂದ ಆಗದಿದ್ದರೆ ದಯವಿಟ್ಟು ಸೇರಬೇಡಿ. ಆ ಮಗುವಿನ ಒಂದು ವರ್ಷ ಹಾಳಾಗುತ್ತದೆ.

ಇನ್ನೊಂದು ಕಹಿ ಇದೆ. ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ನೀವು, ಆದರೆ ಮಗುವಿನ ವೈಯಕ್ತಿಕ ಕಲಿಕೆಯ ಯೋಜನೆ ರೂಪಿಸುವ ಐಇಪಿ ಮೀಟಿಂಗಿಗೆ ಅನೇಕ ಕಡೆ ನಿಮ್ಮನ್ನೇ ಕರೆಯುವುದಿಲ್ಲ. ಹಾಗಿದ್ದೂ ಟೀಚರ್ ಆಗುವ ಆಸೆ ಒಳಗೆಲ್ಲೋ ಇದ್ದರೆ, ಕೈಯಿಂದ ಫೀಸು ಕಟ್ಟದೆ ಅದನ್ನು ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸಂದರ್ಶನದಲ್ಲಿ ಎಷ್ಟು ಮಕ್ಕಳು, ಎತ್ತುವ ಕೆಲಸ ಇದೆಯೇ, ತರಬೇತಿ ಮೊದಲ ದಿನಕ್ಕೆ ಮುಂಚೆಯೋ ಆಮೇಲೋ ಎಂದು ನೀವೇ ಕೇಳಿ. ಮತ್ತು ಮಗನ ಶಾಲೆಯಲ್ಲೇ ಬೇಡ. ಕಾರಿಡಾರಿನಲ್ಲಿ ಅವನು ಅತ್ತರೆ ನಿಮ್ಮ ಕಣ್ಣು ಎಲ್ಲಿರುತ್ತದೆ ಎಂದು ನನಗೆ ಗೊತ್ತು.

ಪ್ರಶ್ನೆ: ಪ್ಯಾರಾ ಸರ್ಟಿಫಿಕೇಟ್ ಕೋರ್ಸಿಗೆ ಒಬ್ಬರು 600 ಡಾಲರ್ ಕೇಳುತ್ತಿದ್ದಾರೆ. ಕಟ್ಟಲೇ?

ಬೇಡ. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರ ಕೊಡುವ ನೆರವಿನ ಟೈಟಲ್ ಒನ್ ನಿಯಮ ಕೇಳುವುದು ಎರಡು ವರ್ಷದ ಕಾಲೇಜು ಓದು, ಇಲ್ಲವೇ ಒಂದು ಪರೀಕ್ಷೆ. ಹಲವು ರಾಜ್ಯಗಳು ಒಪ್ಪುವ ಪ್ಯಾರಾಪ್ರೊ ಪರೀಕ್ಷೆ 90 ಪ್ರಶ್ನೆ, ಎರಡೂವರೆ ಗಂಟೆ, ಅಷ್ಟೇ. ನಮ್ಮೂರಿನ ಡಿಗ್ರಿ ಇದ್ದರೆ, ಅದು ಇಲ್ಲಿಯ ಯಾವ ಓದಿಗೆ ಸಮ ಎಂದು ಮೌಲ್ಯಮಾಪನ ಮಾಡಿಸಿ. ರಾಜ್ಯದ ನಿಯಮವನ್ನು ಡಿಸ್ಟ್ರಿಕ್ಟ್ ಕಚೇರಿಯಲ್ಲೇ ವಿಚಾರಿಸಿ, ವಾಟ್ಸಾಪ್ ಗುಂಪಿನಲ್ಲಲ್ಲ.

ಪ್ರಶ್ನೆ: ಮನೆಯಲ್ಲಿ ಕನ್ನಡ ಮಾತಾಡಿದ್ದಕ್ಕೇ ಮಗುವಿಗೆ ಆಟಿಸಂ ಬಂತೇ?

ಇಲ್ಲ. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ದೇಹದ ಲೋಹ ತೆಗೆದರೆ ಆಟಿಸಂ ವಾಸಿ ಎಂದು ಒಬ್ಬರು ಔಷಧಿ ಕೊಡುತ್ತಾರೆ, ನಿಜವೇ?

2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಹುಡುಗನೊಬ್ಬ ಇದೇ ಲೋಹ ತೆಗೆಯುವ ಕೀಲೇಷನ್‌ನಿಂದ ಸತ್ತ. ಆ ಮನುಷ್ಯನ ನಂಬರನ್ನು ಈಗಲೇ ಅಳಿಸಿ.

ಪ್ರಶ್ನೆ: ನಾನು ನೋಡಿಕೊಳ್ಳುವ ಮಗುವಿನ ಬಗ್ಗೆ ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ ಎಷ್ಟು ಹೇಳಬಹುದು?

ಒಂದಕ್ಷರವನ್ನೂ ಅಲ್ಲ. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾಯ್ದೆ ಒಂದು ಕಡೆ ಇರಲಿ, ನಾಳೆ ಆ ತಾಯಿ ಅದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುತ್ತಾಳೆ. ಚಿತ್ರಾನ್ನ ಚೆನ್ನಾಗಿದೆ ಅನ್ನಿ, ಮುಂದೆ ನಡೆಯಿರಿ.