ಆ ಬಳೆಯ ಸಾಲನ್ನು ಮಾತ್ರ ತೆಗೆಯಬೇಡಿ

ನಮಸ್ಕಾರ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಣೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅರೆತಲೆನೋವು ಬಂದ ಹುಡುಗಿ ಕೆ.ಆರ್. ಮಾರ್ಕೆಟ್ಟಿನ ಗದ್ದಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ, ಹೇಗೋ ಮನೆ ಸೇರುತ್ತಾಳೆ. ಇಷ್ಟೇ ಕಥೆ, ಇಷ್ಟೇ ಸಾಕು ಕೂಡ. ತೊಂದರೆ ಇರುವುದು ನೋವನ್ನು ಹೇಳಿರುವ ರೀತಿಯಲ್ಲಿ. ಮೊದಲ ಪುಟದಲ್ಲೇ ಅಸಹನೀಯ, ಭೀಕರ, ವರ್ಣಿಸಲಾಗದ ಮೂರೂ ಬಂದಿವೆ. "ಅವಳು ತೀವ್ರವಾದ ನೋವನ್ನು ಅನುಭವಿಸಿದಳು" ಅಂತ ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರಾ? ತಲೆ ಸಿಡಿಯುತ್ತಿದೆ ಅನ್ನುತ್ತೇವೆ, ಅಲ್ವಾ? ಕನ್ನಡದಲ್ಲಿ ಅವಳು ನೋವನ್ನು ಅನುಭವಿಸುವುದಿಲ್ಲ, ಅವಳ ತಲೆ ನೋಯುತ್ತದೆ. ಹೊಟ್ಟೆ ನುಲಿಯುತ್ತದೆ, ಮೀನಖಂಡ ಸೆಳೆಯುತ್ತದೆ, ಗಾಯ ಚುರುಗುಟ್ಟುತ್ತದೆ, ಸೊಂಟದಲ್ಲಿ ಚಳಕ್ ಅನ್ನುತ್ತದೆ, ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ. ಒಂದೊಂದೂ ಬೇರೆ ನೋವು, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ರೊನಾಲ್ಡ್ ಮೆಲ್ಜಾಕ್ ಅನ್ನುವ ಮನಶ್ಶಾಸ್ತ್ರಜ್ಞ 1975ರಲ್ಲಿ ರೋಗಿಗಳಿಗಾಗಿ ಒಂದು ಪ್ರಶ್ನಾವಳಿ ಪ್ರಕಟಿಸಿದರು, ಅದರಲ್ಲಿ ನೋವಿಗೆ 78 ಪದಗಳಿವೆ. ಎಷ್ಟು ನೋವು ಅಂತ ತಿಳಿದರೆ ಡಾಕ್ಟರಿಗೆ ಸಾಲದು, ಎಂಥ ನೋವು ಅನ್ನುವುದೂ ಗೊತ್ತಾಗಬೇಕು. ನಿಮ್ಮ ಓದುಗರಿಗೂ ಅಷ್ಟೇ. "ಭೀಕರ" ಬರೀ ಎಷ್ಟು ಅಂತ ಹೇಳುತ್ತದೆ.

ಎರಡನೇ ಪುಟದಲ್ಲಿ ಸಾವಿರ ಸುತ್ತಿಗೆ, ಜ್ವಾಲಾಮುಖಿ, ಎಕ್ಸ್‌ಪ್ರೆಸ್ ರೈಲು, ಎಲ್ಲ ಒಂದೇ ಪ್ಯಾರಾದಲ್ಲಿ. ಓದುತ್ತಾ ನನಗೆ ರೈಲು ಕಂಡಿತು, ಹುಡುಗಿ ಕಾಣಲಿಲ್ಲ.

ಮಾರ್ಕೆಟ್ಟಿನ ಭಾಗವೂ ಹಾಗೇ. ಕನಕಾಂಬರ, ಸೇವಂತಿಗೆ ರಾಶಿ, ಆಟೋ ಹಾರ್ನು, ಕೊತ್ತಂಬರಿ ಕಂತೆ, ಎಲ್ಲವನ್ನೂ ಸಾಲಾಗಿ ಜೋಡಿಸಿದ್ದೀರಿ. ಅದು ಹೂವು ಕೊಳ್ಳಲು ಆರಾಮಾಗಿ ಬಂದವರ ನೋಟ. ನನಗೂ 15 ವರ್ಷದಿಂದ ಅರೆತಲೆನೋವಿದೆ. ಅದು ಬಂದಾಗ ನಾನು ಏನನ್ನೂ ನೋಡುವುದಿಲ್ಲ, ಎಲ್ಲವೂ ಬಂದು ತಾಗುತ್ತದೆ. ಒಮ್ಮೆ ಕತ್ತಲು ಕೋಣೆಯಲ್ಲಿ ಮಲಗಿದ್ದಾಗ, ಗೋಡೆಯಾಚೆ ಫ್ರಿಜ್ಜು ಗುಂಯ್ ಅನ್ನುವುದು ನಿಂತು ಮತ್ತೆ ಶುರುವಾಗುವುದನ್ನೇ ಕಾಯುತ್ತಾ ಮಧ್ಯಾಹ್ನ ಪೂರ್ತಿ ಕಳೆದೆ, ಅಡುಗೆಮನೆಯಲ್ಲಿ ಸಾಸಿವೆ ಸಿಡಿದ ಒಗ್ಗರಣೆ ವಾಸನೆಗೆ ಎದ್ದು ಓಡಿ ವಾಂತಿ ಮಾಡಿಕೊಂಡೆ. ನೋವು ಹೇಗಿತ್ತು ಅಂತ ಈಗ ಕೇಳಿದರೆ ನೆನಪಾಗುವುದು ಆ ಫ್ರಿಜ್ಜು. ಹಾಗಾಗಿ ಇಪ್ಪತ್ತು ಸದ್ದು ಬೇಡ, ಅವಳನ್ನು ಬಿಡದೇ ಕಾಡುವ ಒಂದೆರಡನ್ನು ಹಿಡಿಯಿರಿ. ಉದಾಹರಣೆಗೆ ಬಸ್ಸಿನ ಭಾಗ ಹೀಗಿರಬಹುದು:

"ಕಂಡಕ್ಟರ್ ಸೀಟಿ ಊದಿದ. ಅವಳು ಕಣ್ಣು ಮುಚ್ಚಿದಳು. ರೆಪ್ಪೆಯೊಳಗೂ ಬಿಸಿಲಿತ್ತು. ಪಕ್ಕದವಳ ಮುಡಿಯ ಮಲ್ಲಿಗೆ ಗಂಟಲಿಗೆ ಬಂತು. ಇನ್ನೆರಡು ಸ್ಟಾಪು. ಸೀಟಿ."

ನೋವು ಅನ್ನುವ ಪದ ಇಲ್ಲಿಲ್ಲ ನೋಡಿ. ಇದನ್ನೇ ಹಾಕಿ ಅಂತಲ್ಲ, ನಿಮ್ಮದು ಇದಕ್ಕಿಂತ ಚೆನ್ನಾಗಿ ಬರಬಹುದು.

ಇನ್ನೊಂದು ವಿಷಯ. ನಿಮ್ಮ ಹುಡುಗಿ ಮೆಟ್ಟಿಲು ಓಡಿ ಹತ್ತುತ್ತಾ ಬದುಕಿನ ಅರ್ಥದ ಬಗ್ಗೆ ಯೋಚಿಸುತ್ತಾಳೆ, ಮನೆಗೆ ಬಂದ ಹತ್ತು ನಿಮಿಷಕ್ಕೆ ಫೋನಿನಲ್ಲಿ ನಗುತ್ತಾಳೆ. ಅರೆತಲೆನೋವಿನಲ್ಲಿ ಮೆಟ್ಟಿಲು ಹತ್ತಿದರೆ ಸಿಡಿತ ಜಾಸ್ತಿಯಾಗುತ್ತದೆ. ಮಾತ್ರೆ ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆವರೆಗೂ ಇರಬಹುದು, ಹೋದ ಮೇಲೂ ಮೈ ಹಿಂಡಿದ ಬಟ್ಟೆಯ ಹಾಗೆ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ದೊಡ್ಡ ಯೋಚನೆ ಬರುವುದಿಲ್ಲ. ಇನ್ನೆಷ್ಟು ಮೆಟ್ಟಿಲು ಅಂತ ಎಣಿಸುತ್ತಾರೆ, ಅಷ್ಟೇ.

ಇಷ್ಟೆಲ್ಲ ಹೇಳಲು ಕಾರಣ ನಿಮ್ಮ ಕೊನೆಯ ಪುಟದ ಒಂದು ಸಾಲು. ಅಮ್ಮ ಹಣೆಗೆ ಕೈ ಇಡಲು ಬಂದಾಗ ಹುಡುಗಿ ಕಣ್ಣು ಬಿಡದೆ ಹೇಳುತ್ತಾಳೆ, "ಬಳೆ ತೆಗೆದಿಟ್ಟು ಬಾಮ್ಮಾ." ಅಲ್ಲಿ ನನ್ನ ತಲೆಯೂ ಸಿಡಿಯಿತು. ಇದನ್ನು ಬರೆಯಬಲ್ಲವರಿಗೆ ಜ್ವಾಲಾಮುಖಿ ಯಾಕೆ ಬೇಕು? ಮುಂಚಿನ ಐದೂ ಪುಟಗಳನ್ನು ಈ ಸಾಲಿನ ಪಕ್ಕ ಇಟ್ಟು ಓದಿ, ನಿಲ್ಲದ್ದನ್ನೆಲ್ಲ ಹೊಡೆದುಹಾಕಿ. ಎರಡೇ ಪುಟ ಉಳಿದರೂ ಪರವಾಗಿಲ್ಲ, ಕಳಿಸಿ. ನಾನೇ ಓದುತ್ತೇನೆ.