ಟಿವಿ ಬದಲು ಪ್ರೊಜೆಕ್ಟರ್ ತಗೋಬೇಕಾ? ಮೊದಲು ನಿಮ್ಮ ಕಿಟಕಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸಿದ್ದೀರಿ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ ಇದೆ. 65 ಇಂಚಿನ ಟಿವಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಪ್ರೊಜೆಕ್ಟರ್ ತಗೊಂಡರೆ ಹೇಗೆ ಅಂತ ಕೇಳಿದ್ದೀರಿ. ಮನೆಯಲ್ಲಿ ತಾಯಿ ಇದ್ದಾರೆ, ಇಬ್ಬರು ಮಕ್ಕಳಿದ್ದಾರೆ ಅಂತಲೂ ಬರೆದಿದ್ದೀರಿ. ನಾನೂ ಇದೇ ಊರಿನವನು, ಜೇವರ್ಗಿ ರಸ್ತೆ ಕಡೆ ಮನೆ. ನಾಲ್ಕು ವರ್ಷದಲ್ಲಿ ಎರಡು ಪ್ರೊಜೆಕ್ಟರ್ ತಂದಿದ್ದೇನೆ. ಮೊದಲನೆಯದು ಈಗ ಅಟ್ಟದ ಮೇಲೆ ಹಳೇ ಮಿಕ್ಸರ್ ಪಕ್ಕ ಕೂತಿದೆ. ಅದರ ಕಥೆಯಿಂದಲೇ ಶುರು ಮಾಡುತ್ತೇನೆ.

ಅಂಗಡಿಯವರು ಅದನ್ನು ನನಗೆ ತೋರಿಸಿದ್ದು ಹಿಂದಿನ ಕತ್ತಲೆ ಕೋಣೆಯಲ್ಲಿ, ಎಸಿ ಹಾಕಿ, ಬಾಗಿಲು ಮುಚ್ಚಿ. ಪೆಟ್ಟಿಗೆ ಮೇಲೆ 9000 ಲುಮೆನ್ಸ್ (ಬೆಳಕಿನ ಅಳತೆ) ಅಂತ ದಪ್ಪಕ್ಷರ. ಬೆಲೆ ಎಂಟೂವರೆ ಸಾವಿರ. ಇಷ್ಟು ಕಡಿಮೆಗೆ ಇಷ್ಟು ದೊಡ್ಡ ಚಿತ್ರ ಅಂತ ಹಿಗ್ಗಿ, ಜಾಸ್ತಿ ಕೇಳದೆ ತಂದುಬಿಟ್ಟೆ. ಮರುದಿನ ಭಾನುವಾರ, ಏಪ್ರಿಲ್ ತಿಂಗಳು, ಮೂರೂವರೆಗೆ ಐಪಿಎಲ್ ಮ್ಯಾಚ್. ನಮ್ಮ ಹಾಲ್ ಕಿಟಕಿ ಪಶ್ಚಿಮಕ್ಕೆ. ಪರದೆ ಎಳೆದೆವು, ಕಿಟಕಿಗೆ ಚಾದರ ಕಟ್ಟಿದೆವು. ಗೋಡೆ ಮೇಲೆ ಏನೋ ಹಸಿರು ಹಸಿರಾಗಿ ಕಾಣುತ್ತಿತ್ತು, ಅಷ್ಟೇ. ಅವ್ವ ಕಣ್ಣು ಕಿರಿದು ಮಾಡಿ ಐದು ನಿಮಿಷ ನೋಡಿದಳು. "ಬಾಲ್ ಯಾಕ ಕಾಣವಲ್ದೋ? ಬರೇ ಮಂದಿ ಓಡ್ಯಾಡ್ಲಾಕತ್ತಾರ" ಅಂದಳು. ಆಮೇಲೆ ಎದ್ದು ಪಕ್ಕದ ಮನೆಗೆ ಹೋಗಿ ಅವರ ಟಿವಿಯಲ್ಲಿ ನೋಡಿ ಬಂದಳು.

ಅದೇ ದಿನ ರಾತ್ರಿ ಎಂಟಕ್ಕೆ ಅದೇ ಮಷಿನ್ ಹಚ್ಚಿದರೆ ಮಕ್ಕಳು ಕಿರುಚಿದರು, ಅಷ್ಟು ಚೆನ್ನಾಗಿತ್ತು. ಮಷಿನ್ ಬದಲಾಗಿರಲಿಲ್ಲ, ಹೊತ್ತು ಮುಳುಗಿತ್ತು.

ಇದರ ಕಾರಣ ಸರಳ. ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕತ್ತಲನ್ನು ಚೆಲ್ಲಲಾರದು. ಚಿತ್ರದಲ್ಲಿ ಕಪ್ಪು ಕೂದಲಿದ್ದರೆ ಅಲ್ಲಿ ಬೆಳಕು ಬೀಳದೆ ಬಿಡುತ್ತದೆ, ಗೋಡೆ ಹೇಗಿದೆಯೋ ಹಾಗೇ ಕಾಣುತ್ತದೆ. ಮಧ್ಯಾಹ್ನ ಗೋಡೆ ಬೆಳ್ಳಗೆ ಹೊಳೆಯುತ್ತಿದ್ದರೆ ಕೂದಲೂ ಬೆಳ್ಳಗೇ. ಹಾಗಾಗಿ ಯಾವ ಕಂಪನಿಯದು ತಗೊಳ್ಳಲಿ ಅನ್ನೋ ಪ್ರಶ್ನೆ ಆಮೇಲೆ. ಯಾವ ಕೋಣೆಗೆ, ಯಾವ ಹೊತ್ತಿಗೆ ಅನ್ನೋದು ಮೊದಲು.

ಇನ್ನು ಆ 9000ದ ವಿಷಯ. ಅಗ್ಗದ ಮಷಿನ್‌ಗಳ ಮೇಲೆ ದೀಪದ ಬುಡದಲ್ಲಿ ಹುಟ್ಟುವ ಬೆಳಕಿನ ಲೆಕ್ಕ ಹಾಕಿರುತ್ತಾರೆ, ಇಲ್ಲಾ ಮನಸ್ಸಿಗೆ ಬಂದ ಅಂಕಿ ಬರೆದಿರುತ್ತಾರೆ. ನೀವು ನೋಡಬೇಕಾದದ್ದು ಆನ್ಸಿ ಲುಮೆನ್ಸ್, ಇಲ್ಲವೇ ಐಎಸ್‌ಒ ಲುಮೆನ್ಸ್. ಲೆನ್ಸ್ ದಾಟಿ ಬಂದು ಪರದೆ ಮೇಲೆ ಬಿದ್ದ ಬೆಳಕನ್ನು ಒಂಬತ್ತು ಕಡೆ ಅಳೆದು ಸರಾಸರಿ ತೆಗೆದದ್ದು ಅದು. ಆ ಅಂಕಿಯನ್ನು ಎಲ್ಲೂ ಬರೆದಿಲ್ಲ ಅಂದರೆ ಆ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಬನ್ನಿ.

ಒಂದು ಸಣ್ಣ ಲೆಕ್ಕ ಮಾಡೋಣ. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರ ಅಂದರೆ ಅಗಲ 7 ಅಡಿ 3 ಇಂಚು, ಎತ್ತರ 4 ಅಡಿ 1 ಇಂಚು. ಹೆಚ್ಚುಕಮ್ಮಿ 30 ಚದರ ಅಡಿ. 500 ಆನ್ಸಿ ಲುಮೆನ್ಸ್‌ನ ಮಷಿನ್ ಇದ್ದರೆ ಚದರ ಅಡಿಗೆ 16-17 ಲುಮೆನ್ಸ್ ಬಿತ್ತು. ಸಾದಾ ಬಿಳಿ ಪರದೆಯಲ್ಲಿ ಇದನ್ನೇ ಫುಟ್‌ಲ್ಯಾಂಬರ್ಟ್ (ಪರದೆ ಎಷ್ಟು ಬೆಳಗುತ್ತದೆ ಅನ್ನೋ ಅಳತೆ) ಅನ್ನಬಹುದು. ಡಿಜಿಟಲ್ ಸಿನಿಮಾ ಥಿಯೇಟರಿಗೆ ಇಟ್ಟಿರುವ ಅಳತೆ 14. ಅಂದರೆ ಪೂರ್ತಿ ಕತ್ತಲಲ್ಲಿ 500 ಇದ್ದರೂ ಥಿಯೇಟರ್ ಸುಖ ಸಿಗುತ್ತದೆ. ಆದರೆ ಆ 14 ಅನ್ನೋದು ಟಿವಿ ಲೆಕ್ಕದಲ್ಲಿ 48 ನಿಟ್ಸ್ ಮಾತ್ರ. ಸಾದಾ ಎಲ್‌ಇಡಿ ಟಿವಿ 250-300 ನಿಟ್ಸ್ ಕೊಡುತ್ತದೆ. ಹಗಲಲ್ಲಿ ಪ್ರೊಜೆಕ್ಟರ್ ಯಾಕೆ ಸೋಲುತ್ತದೆ ಅಂತ ಗೊತ್ತಾಯಿತಲ್ವಾ? ಒಂದು ಟ್ಯೂಬ್‌ಲೈಟ್ ಉರಿಯುತ್ತಿರುವ ಹಾಲ್‌ಗೆ 2000ದ ಮೇಲೆ ಬೇಕು. ಆಗಲೂ ಕಪ್ಪು ಕಪ್ಪಾಗಿರೋದಿಲ್ಲ, ಬೂದಿ ಬಣ್ಣ ಬರುತ್ತದೆ.

ಗೋಡೆಗೆ ಅಂಟಿಕೊಂಡೇ ಇಡೋ ಅಲ್ಟ್ರಾ ಶಾರ್ಟ್ ಥ್ರೋ ಮಷಿನ್, ಅದಕ್ಕಂತಲೇ ಮಾಡಿದ ಬೂದು ಪರದೆ, ಇವು ಬೆಳಕಿನ ಕೋಣೆಯಲ್ಲೂ ಪರವಾಗಿಲ್ಲ. ಆದರೆ ಎರಡೂ ಸೇರಿದರೆ ನಿಮ್ಮ ಬಜೆಟ್ ಎಲ್ಲಿಗೂ ಸಾಲೋದಿಲ್ಲ. ಬಿಟ್ಟುಬಿಡಿ.

ರೆಸಲ್ಯೂಶನ್, ಅಂದರೆ ಚಿತ್ರದಲ್ಲಿ ಎಷ್ಟು ಚುಕ್ಕಿ ಇವೆ ಅನ್ನೋ ಲೆಕ್ಕ, ಅದರಲ್ಲೂ ಇಂಥದ್ದೇ ಆಟ ಇದೆ. "4ಕೆ ಸಪೋರ್ಟ್" ಅಂದರೆ 4ಕೆ ವಿಡಿಯೋ ಕೊಟ್ಟರೆ ತಗೊಳ್ಳುತ್ತದೆ ಅಂತಷ್ಟೇ, ತೋರಿಸುತ್ತದೆ ಅಂತಲ್ಲ. "ನೇಟಿವ್" ಅನ್ನೋ ಸಾಲು ಹುಡುಕಿ, ಮಷಿನ್ ನಿಜವಾಗಿ ತೋರಿಸೋ ಚುಕ್ಕಿಗಳು ಅಲ್ಲಿರುತ್ತವೆ. 1920×1080 ಇರಲಿ. ನನ್ನ ಮೊದಲನೆಯದರಲ್ಲಿ ಅದು 1280×720 ಇತ್ತು. ಸ್ಕೋರ್ ಬೋರ್ಡಿನ ಅಕ್ಷರ ಓದೋಕೆ ಮಗ ಗೋಡೆ ಹತ್ತಿರ ಹೋಗಿ ನಿಲ್ಲುತ್ತಿದ್ದ. ಅವನ ತಲೆ ನೆರಳು ಅರ್ಧ ಪಿಚ್ ಮೇಲೆ!

ಈಗ ನಿಮ್ಮ ಹಾಲ್‌ಗೆ ಬರೋಣ. ಥ್ರೋ ರೇಶಿಯೋ ಅಂತ ಒಂದು ಅಂಕಿ ಇರುತ್ತದೆ. ಚಿತ್ರದ ಅಗಲಕ್ಕೆ ಅದನ್ನು ಗುಣಿಸಿದರೆ ಮಷಿನ್ ಎಷ್ಟು ದೂರ ಇಡಬೇಕು ಅಂತ ಬರುತ್ತದೆ. 1.2 ಇದ್ದರೆ 100 ಇಂಚಿಗೆ 8 ಅಡಿ 9 ಇಂಚು. 1.5 ಇದ್ದರೆ ಸುಮಾರು 11 ಅಡಿ. ನಿಮ್ಮ 16 ಅಡಿ ಹಾಲ್‌ನಲ್ಲಿ ಎರಡೂ ನಡೆಯುತ್ತವೆ. ಆದರೆ ಎರಡರಲ್ಲೂ ಮಷಿನ್ ಹಾಲ್ ನಡುವೆ ಬಂದು ಕೂರುತ್ತದೆ. ಟೀಪಾಯಿ ಮೇಲೆ ಇಟ್ಟರೆ ಅಡುಗೆಮನೆಗೆ ಹೋಗೋರು ಬರೋರು ಎಲ್ಲರೂ ಸಿನಿಮಾದಲ್ಲಿ ಪಾತ್ರ ಮಾಡುತ್ತಾರೆ. ಛತ್ತಿಗೆ ಹಾಕಿಸೋದೇ ಒಳ್ಳೆಯದು. ಹೊಸ ಮನೆ ಅಂದಿರಿ, ಪೇಂಟ್ ಆಗೋ ಮೊದಲೇ ಛತ್ತಿನಲ್ಲಿ ಒಂದು ಪ್ಲಗ್ ಪಾಯಿಂಟ್ ಕೊಡಿಸಿಬಿಡಿ. ನಾನು ಆಮೇಲೆ ಕೊಡಿಸಲು ಹೋಗಿ, ಈಗ ಹಾಲ್ ನಡುವೆ ಒಂದು ಬಿಳಿ ಪಟ್ಟಿ ಹಾವಿನ ಹಾಗೆ ಹರಿದಾಡಿದೆ.

ಉದ್ದ ಎಚ್‌ಡಿಎಂಐ ವೈರ್ ಎಳೆಯೋ ತಂಟೆ ಬೇಡ. ಸಾದಾ ವೈರ್ ತೀರಾ ಉದ್ದ ಆದರೆ ಚಿತ್ರ ಮಿಣುಕಬಹುದು. ಫೈರ್ ಟಿವಿ ಸ್ಟಿಕ್‌ನಂಥದ್ದನ್ನು ಮಷಿನ್ ಹಿಂದೆಯೇ ಚುಚ್ಚಿದರೆ ಚಿತ್ರಕ್ಕೆ ಕರೆಂಟಿನ ವೈರ್ ಒಂದೇ ಸಾಕು. ಒಳಗೇ ಆಪ್ ಇದೆ ಅಂತ ಹೇಳೋ ಎಷ್ಟೋ ಮಷಿನ್‌ಗಳಲ್ಲಿ ನೆಟ್‌ಫ್ಲಿಕ್ಸ್ ಸರಿಯಾಗಿ ನಡೆಯೋದಿಲ್ಲ, ಅದಕ್ಕೂ ಸ್ಟಿಕ್ಕೇ ಮದ್ದು.

ಮಷಿನನ್ನು ಗೋಡೆಗೆ ನೇರ ಇಡಿ. ಓರೆ ಇಟ್ಟು, ಕೀಸ್ಟೋನ್ ಅನ್ನೋ ಓರೆ ತಿದ್ದುವ ಸೆಟ್ಟಿಂಗ್‌ನಿಂದ ಚೌಕ ಮಾಡಿದರೆ ಅದು ಚಿತ್ರವನ್ನು ಒಳಗೇ ಕತ್ತರಿಸಿ ಸಣ್ಣದು ಮಾಡುತ್ತದೆ. ದುಡ್ಡು ಕೊಟ್ಟ ಚುಕ್ಕಿಗಳು ದಂಡ.

ಗೋಡೆ ಬಗ್ಗೆ ಒಂದು ಮಾತು. ನಮ್ಮ ಹಾಲ್ ತಿಳಿ ಹಸಿರು, ಅವ್ವನ ಆಯ್ಕೆ. ಪರದೆ ಮೇಲೆ ಎಲ್ಲಾ ಹೀರೋಗಳಿಗೂ ಕಾಮಾಲೆ ಆದ ಹಾಗೆ ಕಾಣುತ್ತಿತ್ತು. ಮೊದಲು ಬೆಡ್‌ಶೀಟ್ ಕಟ್ಟಿದೆ, ಫ್ಯಾನ್ ಗಾಳಿಗೆ ಅದು ಅಲುಗಾಡಿ ಬೌಲರ್ ಎರಡು ಸಲ ಬಾಗುತ್ತಿದ್ದ. ಕೊನೆಗೆ ಆ ಗೋಡೆಗೆ ಹೊಳಪಿಲ್ಲದ ಬಿಳಿ ಡಿಸ್ಟೆಂಪರ್ ಹೊಡೆಸಿ, ಸುತ್ತ ನಾಲ್ಕು ಇಂಚು ಕಪ್ಪು ಪಟ್ಟಿ ಬಳಿಸಿದೆ. ಆ ಕಪ್ಪು ಪಟ್ಟಿಗೆ ಖರ್ಚು ಏನೂ ಇಲ್ಲ, ಆದರೆ ಚಿತ್ರ ಎದ್ದು ಕಾಣುತ್ತದೆ. ಇನ್ನೊಂದು ತಮಾಷೆ ಗೊತ್ತಾ, ನಮ್ಮ ಹಳೇ ಶಹಾಬಾದ್ ಕಲ್ಲಿನ ನೆಲ ಇಲ್ಲಿ ಉಪಕಾರಕ್ಕೆ ಬಂತು. ಬೂದು ಬಣ್ಣ, ಹೊಳಪಿಲ್ಲ, ಬೆಳಕು ವಾಪಸ್ ಹೊಡೆಯೋದಿಲ್ಲ. ನಿಮ್ಮದು ಬಿಳಿ ಹೊಳೆಯೋ ಟೈಲ್ಸ್ ಆಗಿದ್ದರೆ ಒಂದು ಜಮಖಾನ ಹಾಸಿ.

ಈಗ ನಮ್ಮೂರಿನ ಮೂರು ಪೀಡೆಗಳು. ಬೆಂಗಳೂರಿನವರು ಬರೆದದ್ದರಲ್ಲಿ ಇವು ಸಿಗೋದಿಲ್ಲ.

ಧೂಳು. ತೊಗರಿ ರಾಶಿ ಶುರುವಾದಾಗ, ಆಮೇಲೆ ಬೇಸಿಗೆ ಸುಂಟರಗಾಳಿಯಲ್ಲಿ, ನಮ್ಮ ಮನೆಗಳಲ್ಲಿ ಬೆಳಿಗ್ಗೆ ಒರೆಸಿದ್ದು ಸಂಜೆಗೆ ಮತ್ತೆ ಬೂದು. ಮೊದಲ ಮಷಿನ್ ತಂದು ಎಂಟು ತಿಂಗಳಿಗೆ ಗೋಡೆಯ ಬಲ ಮೂಲೆಯಲ್ಲಿ ಒಂದು ಮಸುಕು ಕಲೆ ಕಂಡಿತು. ರೂಪಾಯಿ ಬಿಲ್ಲೆಯಷ್ಟಿತ್ತು. ರಾತ್ರಿ ದೃಶ್ಯ ಬಂದಾಗ ಮಾತ್ರ ಹೊಳೆಯುತ್ತಿತ್ತು. ಗೋಡೆಗೆ ಎಣ್ಣೆ ಕೈ ತಾಗಿದೆ ಅಂತ ಮಕ್ಕಳಿಗೆ ಬೈದು, ಒದ್ದೆ ಬಟ್ಟೆಯಿಂದ ತಿಕ್ಕಿದೆ. ಹೋಗಲಿಲ್ಲ. ಮಷಿನನ್ನು ಸ್ವಲ್ಪ ಎಡಕ್ಕೆ ಸರಿಸಿದೆ, ಕಲೆಯೂ ಎಡಕ್ಕೆ ಸರಿಯಿತು! ಒಳಗೆ ಚಿತ್ರ ಮೂಡಿಸೋ ಎಲ್‌ಸಿಡಿ ಫಲಕದ ಮೇಲೆ ಧೂಳು ಕೂತಿತ್ತು. ಅಗ್ಗದ ಮಷಿನ್‌ಗಳಲ್ಲಿ ಬೆಳಕಿನ ದಾರಿ ತೆರೆದೇ ಇರುತ್ತದೆ, ಫ್ಯಾನ್ ಎಳೆದ ಗಾಳಿ ಅದರ ಮೇಲೇ ಹಾಯುತ್ತದೆ. ಬಿಚ್ಚಿ ಒರೆಸಬಹುದು, ಮತ್ತೆ ಮೂರು ತಿಂಗಳಿಗೆ ಬರುತ್ತದೆ. ಅದಕ್ಕೇ ಅದು ಅಟ್ಟ ಸೇರಿತು.

ಎರಡನೇ ಸಲ ನಾನು ಕೇಳಿದ ಮೊದಲ ಪ್ರಶ್ನೆಯೇ "ಆಪ್ಟಿಕಲ್ ಎಂಜಿನ್ ಸೀಲ್ ಆಗಿದೆಯಾ?" ಅಂತ, ಅಂದರೆ ಬೆಳಕಿನ ದಾರಿ ಧೂಳು ಹೋಗದ ಹಾಗೆ ಮುಚ್ಚಿದೆಯಾ ಅಂತ. ಸಣ್ಣ ಸಣ್ಣ ಕನ್ನಡಿಗಳಿಂದ ಚಿತ್ರ ಮೂಡಿಸೋ ಡಿಎಲ್‌ಪಿ ಮಷಿನ್‌ಗಳಲ್ಲಿ ಇದು ಜಾಸ್ತಿ ಸಿಗುತ್ತದೆ. ಎಪ್ಸನ್ ಕಂಪನಿಯವರದು ಮೂರು ಎಲ್‌ಸಿಡಿ ಪದ್ಧತಿ, ಬಣ್ಣ ಭಾಳ ಚೆಂದ, ಆದರೆ ಅದರ ಫಿಲ್ಟರನ್ನು ಮರೆಯದೆ ಒರೆಸಬೇಕು. ಡಿಎಲ್‌ಪಿಯಲ್ಲಿ ಕೆಲವರಿಗೆ ಕಣ್ಣು ಹೊರಳಿಸಿದಾಗ ಕಾಮನಬಿಲ್ಲಿನ ಗೆರೆ ಮಿಂಚಿದ ಹಾಗೆ ಕಾಣುತ್ತದೆ. ನನಗೆ ಕಾಣೋದಿಲ್ಲ, ನನ್ನ ಹೆಂಡತಿಗೆ ಕಾಣುತ್ತದೆ. ಕೊಳ್ಳೋ ಮೊದಲು ಮನೆಯವರನ್ನೂ ಕರೆದುಕೊಂಡು ಹೋಗಿ ನೋಡಿ.

ಎರಡನೆಯದು ಬಿಸಿಲು. ಹೆಚ್ಚಿನ ಮಷಿನ್‌ಗಳ ಪುಸ್ತಕದಲ್ಲಿ 35 ಇಲ್ಲಾ 40 ಡಿಗ್ರಿವರೆಗೆ ಅಂತ ಬರೆದಿರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಹೊರಗೆ 40 ದಾಟೋದು ಮಾಮೂಲು. ಮೇಲಿನ ಕೋಣೆಯ ಛತ್ತು ರಾತ್ರಿ ಹತ್ತರವರೆಗೂ ಕಾವು ಬಿಡುತ್ತಲೇ ಇರುತ್ತದೆ. ಹೋದ ಮೇನಲ್ಲಿ ಸಿನಿಮಾದ ಕ್ಲೈಮ್ಯಾಕ್ಸಿಗೆ ಸರಿಯಾಗಿ ಕೆಂಪು ದೀಪ ಹತ್ತಿ ಮಷಿನ್ ಆರಿತು. ಛತ್ತಿಗೆ ಹಾಕಿಸುವಾಗ ಸುತ್ತ ಒಂದಡಿ ಜಾಗ ಬಿಡಿ, ಬಿಸಿ ಗಾಳಿ ಮೇಲೆಯೇ ನಿಂತಿರುತ್ತದೆ. ಕೂಲರನ್ನು ಮಾತ್ರ ಮಷಿನ್ ಕಡೆ ತಿರುಗಿಸಬೇಡಿ. ತೇವದ ಗಾಳಿ, ಅದರ ಜೊತೆ ಹುಲ್ಲಿನ ಚೂರು, ಎರಡೂ ಒಳಗೆ ಹೋಗುತ್ತವೆ. ಅಂದ ಹಾಗೆ ಕೂಲರ್ ಸದ್ದಿನ ಮುಂದೆ ಪ್ರೊಜೆಕ್ಟರ್ ಒಳಗಿನ ಸ್ಪೀಕರ್ ಗುಯ್‌ಗುಟ್ಟುವ ಸೊಳ್ಳೆ ಇದ್ದ ಹಾಗೆ. ಒಂದು ಸೌಂಡ್‌ಬಾರ್ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿ. ವೈರ್ ಹಾಕಿಯೇ ಜೋಡಿಸಿ. ಬ್ಲೂಟೂತ್‌ನಲ್ಲಿ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ.

ಮೂರನೆಯದು ಕರೆಂಟು. ಹಳೇ ಲ್ಯಾಂಪಿನ ಮಷಿನ್ ಆದರೆ ತಟ್ಟನೆ ಕರೆಂಟು ಹೋಗೋದು ಕೆಟ್ಟದ್ದು. ಒಳಗಿನ ಫ್ಯಾನ್ ನಿಂತು ಕಾದ ಲ್ಯಾಂಪು ಹಾಗೇ ಬೇಯುತ್ತದೆ. ಎಲ್‌ಇಡಿ, ಲೇಸರ್‌ಗಳಲ್ಲಿ ಈ ಭಯ ಕಡಿಮೆ. ಲ್ಯಾಂಪು ಮೂರರಿಂದ ಐದು ಸಾವಿರ ಗಂಟೆಗೆ ಬದಲಿಸಬೇಕಾಗುತ್ತದೆ. ಎಲ್‌ಇಡಿ, ಲೇಸರ್‌ಗೆ 20,000 ಗಂಟೆ ಅಂತ ಹೇಳುತ್ತಾರೆ. ದಿನಕ್ಕೆ ಮೂರು ಗಂಟೆ ನೋಡಿದರೆ 18 ವರ್ಷ. ನನ್ನನ್ನು ಕೇಳಿದರೆ ದೀಪಕ್ಕಿಂತ ಮೊದಲು ಫ್ಯಾನೋ ಬೋರ್ಡೋ ಹೋಗುತ್ತದೆ, ಅದಕ್ಕೆ ಊರಲ್ಲಿ ರಿಪೇರಿ ಮಾಡೋರು ಇದ್ದಾರಾ ಅಂತ ಕೇಳಿಕೊಳ್ಳಿ. ನನ್ನ ಎರಡನೆಯದು 38 ಸಾವಿರಕ್ಕೆ ಬಂತು, ಎಲ್‌ಇಡಿ, 700 ಆನ್ಸಿ ಲುಮೆನ್ಸ್. ಮನೆಯ ಇನ್ವರ್ಟರ್ ಮೇಲೆಯೇ ನಡೆಯುತ್ತದೆ.

ಇಷ್ಟೆಲ್ಲಾ ಆದರೂ ಯಾಕೆ ಇಟ್ಟುಕೊಂಡಿದ್ದೇನೆ? ಬೇಸಿಗೆ ರಾತ್ರಿಗಳಿಗಾಗಿ. ಒಂಬತ್ತರ ಮೇಲೆ ಮಾಳಿಗೆ ಮೇಲೆ ಚಾಪೆ ಹಾಸಿ, ನೀರಿನ ಟಾಕಿ ಪಕ್ಕದ ಗೋಡೆಗೆ ಹಚ್ಚುತ್ತೇವೆ. ಓಣಿಯ ಹುಡುಗರು "ಕಾಕಾ, ಮ್ಯಾಚ್ ಹಚ್ಚಿರೇನ್ರೀ?" ಅಂತ ಕೆಳಗಿನಿಂದಲೇ ಕೂಗುತ್ತಾರೆ. ಒಮ್ಮೆ ಮುಂಗಾರಿನ ಮೊದಲ ಮಳೆ ಆದ ಮರುದಿನ ಒಂದು ರೆಕ್ಕೆ ಹುಳ ಬಂದು ಲೆನ್ಸ್ ಮೇಲೆ ಕೂತಿತು. ಗೋಡೆ ಮೇಲೆ ಎಮ್ಮೆಯಷ್ಟು ದೊಡ್ಡ ಮಸುಕು ನೆರಳು, ಅತ್ತಿತ್ತ ಆಡುತ್ತಾ. ಅವ್ವ ಬಿದ್ದು ಬಿದ್ದು ನಕ್ಕಳು. ಆವತ್ತು ಮ್ಯಾಚ್ ಯಾರು ಗೆದ್ದರು ನೆನಪಿಲ್ಲ.

ಆದರೆ ಅದೇ ಅವ್ವ ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಧಾರಾವಾಹಿ ನೋಡೋದು ಕೆಳಗೆ, ಹಾಲ್‌ನಲ್ಲಿ, ಟ್ಯೂಬ್‌ಲೈಟ್ ಹಾಕಿಕೊಂಡು, ಅವರೆಕಾಯಿ ಸುಲಿಯುತ್ತಾ. ಕತ್ತಲಲ್ಲಿ ಕೂರು ಅಂದರೆ "ದೀಪ ಹಚ್ಚೋ ಹೊತ್ತಿನ್ಯಾಗ ದೀಪ ಆರಸ್ಬೇಕಂತ!" ಅಂತಾಳೆ. ಹಾಗಾಗಿ ಹಾಲ್‌ಗೆ ಮತ್ತೆ 43 ಇಂಚಿನ ಟಿವಿ ಬಂತು, ಪ್ರೊಜೆಕ್ಟರ್ ಮೇಲಿನ ಕೋಣೆಗೆ ಹೋಯಿತು. ನಿಮ್ಮ ಮನೆಯಲ್ಲೂ ತಾಯಿ ಇದ್ದಾರೆ. ದುಡ್ಡು ಒಂದೇ ವಸ್ತುವಿಗೆ ಅಂದರೆ ಕಣ್ಣು ಮುಚ್ಚಿ ಟಿವಿ ತಗೊಳ್ಳಿ. 65ರ ಬದಲು 43 ತಗೊಂಡು, ಉಳಿದದ್ದಕ್ಕೆ ಮುಂದಿನ ವರ್ಷ ಇನ್ನಷ್ಟು ಸೇರಿಸಿ ಒಳ್ಳೇ ಪ್ರೊಜೆಕ್ಟರ್ ತಂದರೆ ಇನ್ನೂ ಚೆನ್ನ.

ಅಂಗಡಿಗೆ ಹೋಗೋ ಮುಂಚೆ ಒಂದು ಪರೀಕ್ಷೆ ಮಾಡಿ. ನಾಳೆ ಸಂಜೆ ನಾಲ್ಕಕ್ಕೆ ಹಾಲ್‌ನ ಎಲ್ಲಾ ಪರದೆ ಎಳೆದು, ಲೈಟ್ ಹಾಕದೆ ಪೇಪರ್ ಹಿಡಿದು ಕೂತುಕೊಳ್ಳಿ. ಒಳಗಿನ ಸಣ್ಣ ಅಕ್ಷರ ಓದಲು ಬಂದರೆ ಆ ಹಾಲ್ ಟಿವಿಯದ್ದು. ದೊಡ್ಡ ಹೆಡ್‌ಲೈನ್ ಓದಲೂ ತಡಕಾಡಿದರೆ, ಕಿಟಕಿ ಯಾವ ದಿಕ್ಕಿಗಿದೆ, ಛತ್ತು ಎಷ್ಟು ಎತ್ತರ ಇದೆ ಅಂತ ಇಲ್ಲೇ ಬರೆಯಿರಿ. ಮಷಿನ್ ಎಲ್ಲಿ ತೂಗುಹಾಕಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ.