ನೈದಿಲೆಯ ಏಟು

ನಮಸ್ಕಾರ.

ಹಳಗನ್ನಡ ಕಾವ್ಯದ ಕ್ರೌರ್ಯ, ಕಾಮಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಶ್ರಮ ಕಾಣುತ್ತದೆ, ವಡ್ಡಾರಾಧನೆಯ ಭಾಗ ಚೆನ್ನಾಗಿದೆ. ಜನ್ನನ ‘ಯಶೋಧರ ಚರಿತೆ’ಗೆ (1209) ಬಂದಾಗ ಮಾತ್ರ ಸಿಟ್ಟು ಬಂತು. ಉಳಿದದ್ದನ್ನು ಬಿಟ್ಟು ಅದನ್ನೇ ಹೇಳುತ್ತೇನೆ.

ನಿಮ್ಮ ವಾಕ್ಯ: “ಆ ಭೀಭತ್ಸ ರಾತ್ರಿಯಲ್ಲಿ ಕಾಮದ ಕರಾಳ ಕೂಪಕ್ಕೆ ಬಿದ್ದ ಅಮೃತಮತಿ ಮಾವುತನ ವಿಕಾರ ದೇಹಕ್ಕೆ ಮರುಳಾದಳು.”

‘ದೇಹಕ್ಕೆ’ ಎಂದಿರಲ್ಲ, ದೊರೆ ಯಶೋಧರನ ರಾಣಿಯಾದ ಅವಳು ಆಗ ಮಾವುತನ ಮುಖವನ್ನೇ ಕಂಡಿರಲಿಲ್ಲ. ಕೇಳಿದ್ದು ಹಾಡು. ಆ ನುಣ್ದನಿ ನಿದ್ದೆಯ ಕದ ದೂಡಿತು, ಅವಳು ಮನಸ್ಸನ್ನೇ ಪಸಾಯವಾಗಿ, ಮೆಚ್ಚಿನ ಉಡುಗೊರೆಯಾಗಿ, ಕೊಟ್ಟಳು. ರೂಪದ ಸುದ್ದಿ ಬರುವುದು ಆಮೇಲೆ, ನೋಡಿಬಂದ ಕೆಳದಿಯ ಬಾಯಲ್ಲಿ. ಅಷ್ಟಾವಂಕನೆಂಬ ಆ ಮಾವುತನ ಸೊಟ್ಟ ಮೈಯ ವರ್ಣನೆ ಕೇಳಿಯೂ ಅವಳ ಮನಸ್ಸು ಕದಲುವುದಿಲ್ಲ. ಈ ಅನುಕ್ರಮ ತಪ್ಪಿದರೆ ಕಥೆಯ ಬೆನ್ನೆಲುಬೇ ಮುರಿದಂತೆ.

‘ಬಿದ್ದ’ ಅಂದಿರಿ. ಜನ್ನನಲ್ಲಿ ಅವಳು ಬೀಳುವುದಿಲ್ಲ, ಎದ್ದು ನಡೆದುಹೋಗುತ್ತಾಳೆ.

‘ಕರಾಳ’, ‘ವಿಕಾರ’ ಇವೆಲ್ಲ ನಿಮ್ಮ ಮಾತು, ಕವಿಯದಲ್ಲ. ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಹಿರಿಯರು ಹೇಳಿಕೊಟ್ಟದ್ದಿಷ್ಟೆ: ವಿಶೇಷಣಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತುಹಾಕು, ಅವನ್ನು ಬಿಟ್ಟು ಗಟ್ಟಿಯಾಗಿ ಓದು, ಏನೂ ಉಳಿಯದಿದ್ದರೆ ಬರೆದವರು ನೋಡಿಲ್ಲ. ನಿಮ್ಮ ವಾಕ್ಯದಲ್ಲಿ ಉಳಿದದ್ದು ‘ಅಮೃತಮತಿ ಮರುಳಾದಳು’.

ಜನ್ನ ನೋಡಿದ್ದಾನೆ. ತಡವಾಗಿ ಬಂದಳೆಂದು ಮಾವುತ ಮುಡಿ ಹಿಡಿದು ಬಡಿಯುತ್ತಾನೆ. ಅವಳು ಕಾಲು ಹಿಡಿದು ಬೇಡುತ್ತಾಳೆ. ಮರೆಯಲ್ಲಿ ಗಂಡ ನಿಂತಿದ್ದಾನೆ, ಕೈಯಲ್ಲಿ ಕತ್ತಿ, ಎತ್ತಿ ತಡೆದುಕೊಳ್ಳುತ್ತಾನೆ. ನಾವು ನೋಡುವುದು ಅವನ ಕಣ್ಣಿಂದ, ಅಲ್ಲೇ ಇರುವುದು ನೋವು. ಮರುದಿನ ಅದೇ ಗಂಡ ವಿನೋದಕ್ಕೆ ನೈದಿಲೆ ಹೂವಿನಿಂದ ಹೊಡೆದರೆ ರಾಣಿ ಮೂರ್ಛೆ ಹೋದಂತೆ ಬೀಳುತ್ತಾಳೆ! ರಾತ್ರಿ ತಿಂದ ಏಟು, ಹಗಲು ತಾಳದ ಹೂವು. ಈ ಜೋಡಿಯನ್ನು ನೀವು ಒಂದೇ ಒಂದು ಸಲವೂ ಎತ್ತಿಲ್ಲ. ಬದಲಿಗೆ ಫ್ರಾಯ್ಡ್‌ಗೆ ಒಂದೂವರೆ ಪುಟ ಕೊಟ್ಟಿದ್ದೀರಿ.

ಇನ್ನೊಂದು. “ಯಶೋಧರ ಕೋಳಿ ಬಲಿ ಕೊಟ್ಟ” ಎಂದು ಬರೆದು ಮುಂದೆ ಹೋಗಿದ್ದೀರಿ. ಅದು ಹಿಟ್ಟಿನ ಕೋಳಿ. ಜೀವಹಿಂಸೆಗೆ ಒಪ್ಪದ ಮಗ, ಬಲಿ ಬೇಕೇಬೇಕೆನ್ನುವ ತಾಯಿ ಚಂದ್ರಮತಿ, ಇಬ್ಬರ ನಡುವಿನ ರಾಜಿ ಅದು. ಕತ್ತಿ ಬಿದ್ದೊಡನೆ ಆ ಹಿಟ್ಟು ಕೂಗುತ್ತದೆ. ರಕ್ತವಿಲ್ಲದೆ ನಡೆದ ಆ ಕೊಲೆಗೆ ತಾಯಿ ಮಗ ನಾಯಿ, ನವಿಲು ಎಂದು ಜನ್ಮ ಜನ್ಮ ಅಲೆಯುತ್ತಾರೆ. ಮನಸ್ಸಿನಲ್ಲಿ ಕೊಂದದ್ದೂ ಕೊಲೆಯೇ ಎನ್ನುವ ಕಾವ್ಯದಲ್ಲಿ ‘ಹಿಟ್ಟಿನ’ ಎಂಬ ಮೂರಕ್ಷರ ಬಿಟ್ಟರೆ ಇನ್ನೇನು ಉಳಿಯಿತು?

ಪೀಠಿಕೆಯ ಎರಡು ಪುಟವನ್ನೂ ಫ್ರಾಯ್ಡ್‌ನನ್ನೂ ತೆಗೆಯಿರಿ. ನೈದಿಲೆಯಿಂದ ಶುರುಮಾಡಿ, ಹಿಂದಿನ ರಾತ್ರಿಗೆ ಹೋಗಿ, ಅಲ್ಲಿಂದ ಹಿಟ್ಟಿನ ಕೋಳಿಗೆ ಬನ್ನಿ. ಸಾವಿರದೈನೂರು ಪದ ಸಾಕು. ಮತ್ತೆ, ‘ಬೀಭತ್ಸ’ದ ಮೊದಲಕ್ಷರ ಅಲ್ಪಪ್ರಾಣ, ಲೇಖನದಲ್ಲಿ ಹನ್ನೊಂದು ಕಡೆ ತಪ್ಪಿದೆ, ಹತ್ತು ಕಡೆ ಆ ಪದವೇ ಬೇಡ.